ಶವಲ್ ನೈಟ್, ಸೆಲೆಸ್ಟ್ ಮತ್ತು ನನ್ನ ಹಾಳಾದ ಕೀಬೋರ್ಡು

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ವಿಡಿಯೋ ಗೇಮ್‌ಗಳಲ್ಲಿ ನನ್ನ ವೋಟು ಸೆಲೆಸ್ಟ್‌ಗೆ. ಶವಲ್ ನೈಟ್ ಕೆಟ್ಟ ಗೇಮ್ ಅಂತಲ್ಲ. ರಾತ್ರಿ ಮಗಳು ಮಲಗಿದ ಮೇಲೆ ನನಗೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಯಾವುದು ಖುಷಿ ಕೊಡುತ್ತದೆ ಅನ್ನುವುದೇ ನನ್ನ ಲೆಕ್ಕ.

ಎರಡನ್ನೂ ಒಂದೇ ಸೇಲ್‌ನಲ್ಲಿ ಕೊಂಡೆ, ಹಳೇ ಆಸೆಗೆ. ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಂದೇ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಇತ್ತು. ಕಾರ್ಟ್ರಿಜ್‌ಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಮೇಲೆ 9999 ಆಟ ಅಂತ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಹತ್ತೋ ಹದಿನೈದೋ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಓಡದಿದ್ದರೆ ಕ್ಯಾಸೆಟ್ ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕುವುದು.

ಶವಲ್ ನೈಟ್ ನೋಡಿದ ಕೂಡಲೇ ಆ ಮನೆಯ ಟಿವಿ ನೆನಪಾಯಿತು. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸಿ, 2014ರಲ್ಲಿ ಯಾಟ್ ಕ್ಲಬ್ ಗೇಮ್ಸ್ ಹೊರತಂದ ಗೇಮ್ ಇದು. ಸಲಿಕೆ ಹಿಡಿದ ಯೋಧನೊಬ್ಬ ಶತ್ರುಗಳ ತಲೆ ಮೇಲೆ ಸಲಿಕೆ ಊರಿ ಕುಪ್ಪಳಿಸುತ್ತಾ ಹೋಗುತ್ತಾನೆ. 8 ಬಿಟ್ ಕಾಲದ, ಅಂದರೆ ಆ ಕ್ಯಾಸೆಟ್ ಕಾಲದ ಗೇಮ್ ಥರ ಕಂಡರೂ ಸ್ವಲ್ಪ ಮೋಸ ಮಾಡಿದ್ದಾರೆ. ಪರದೆ ಅಗಲ, ಬಣ್ಣ ಒಂದೆರಡು ಜಾಸ್ತಿ, ಒಂದೇ ಕಡೆ ತುಂಬಾ ಶತ್ರುಗಳು ಬಂದರೂ ಚಿತ್ರ ಮಿಣುಕುವುದಿಲ್ಲ. ಒಳ್ಳೇ ಮೋಸ ಬಿಡಿ.

ನನಗೆ ಸರಿಬರದಿದ್ದದ್ದು ಸತ್ತಾಗ. ಕೂಡಿಟ್ಟ ಚಿನ್ನದಲ್ಲಿ ಒಂದು ಪಾಲು ರೆಕ್ಕೆ ಬಂದ ಚೀಲಗಳಾಗಿ ಸತ್ತ ಜಾಗದಲ್ಲೇ ತೇಲುತ್ತಿರುತ್ತದೆ. ವಾಪಸ್ ಹೋಗಿ ಹಿಡಿಯಬೇಕು. ಹಿಡಿಯುವ ಮೊದಲೇ ಇನ್ನೊಮ್ಮೆ ಸತ್ತರೆ ಹೋಯಿತು. ನಾನು ಸಾಯುವುದು ಹೆಚ್ಚಾಗಿ ಹಳ್ಳಕ್ಕೆ ಬಿದ್ದು. ಚೀಲಗಳೂ ಅದೇ ಹಳ್ಳದ ಮೇಲೆ. ದುರಾಸೆಗೆ ಹಾರಿ ಮತ್ತೆ ಬೀಳುತ್ತೇನೆ. ಅರ್ಧ ಗಂಟೆ ಹೀಗೇ ಕಳೆದರೆ, ಆಫೀಸಿನಿಂದ ಬಂದು ಮತ್ತೆ ಆಫೀಸಿಗೇ ಹೋದ ಹಾಗೆ.

ಸೆಲೆಸ್ಟ್ ಇದಕ್ಕಿಂತ ಕಷ್ಟ, ಅದರಲ್ಲಿ ಅನುಮಾನವಿಲ್ಲ. ಮ್ಯಾಡಲಿನ್ ಅನ್ನುವ ಹುಡುಗಿ ಬೆಟ್ಟ ಹತ್ತುತ್ತಾಳೆ, ನಾನು ಅವಳನ್ನು ಬೀಳಿಸುತ್ತಲೇ ಇರುತ್ತೇನೆ. ಏಳನೇ ಅಧ್ಯಾಯ ಮುಗಿದಾಗ ನನ್ನ ಸಾವಿನ ಲೆಕ್ಕ 3,000 ದಾಟಿತ್ತು. ಆದರೆ ಸತ್ತ ಕ್ಷಣದಲ್ಲೇ ಅದೇ ಕೋಣೆಯ ಶುರುವಿನಲ್ಲಿ ಎದ್ದು ನಿಂತಿರುತ್ತಾಳೆ. ಕಳೆದುಕೊಳ್ಳಲು ಏನೂ ಇಲ್ಲ. ಅಂಚಿನಿಂದ ಕಾಲು ಜಾರಿದ ಮೇಲೂ ಒಂದು ಚಿಟಿಕೆ ಹೊತ್ತು ಜಂಪ್ ಒತ್ತಲು ಬಿಡುತ್ತದೆ. ನೋಡಲು ಹಳೇ ಗೇಮ್, ಮನಸ್ಸು ಮಾತ್ರ ಮೆತ್ತಗೆ.

ಇಷ್ಟೆಲ್ಲಾ ಹೊಗಳುವ ಮೊದಲು ಮೂರು ರಾತ್ರಿ ಅದನ್ನು ಬೈದಿದ್ದೇನೆ. ಮ್ಯಾಡಲಿನ್ ಗಾಳಿಯಲ್ಲೇ ಬೇಕಾದ ದಿಕ್ಕಿಗೆ ನುಗ್ಗಬಲ್ಲಳು. ಗೋಡೆ ಹಿಡಿಯಲು ಜ಼ೆಡ್, ಮೇಲೆ ಬಲಕ್ಕೆ ಓರೆಯಾಗಿ ನುಗ್ಗಲು ಎರಡು ಬಾಣದ ಕೀ, ಜೊತೆಗೆ ನುಗ್ಗುವ ಕೀ ಎಕ್ಸ್. ಒಟ್ಟಿಗೆ ನಾಲ್ಕು ಕೀ. ನೇರ ಬಲಕ್ಕೆ ನುಗ್ಗುತ್ತಿದ್ದಳು, ನೇರ ಮೇಲಕ್ಕೂ ನುಗ್ಗುತ್ತಿದ್ದಳು, ಓರೆಯಾಗಿ ಮಾತ್ರ ಊಹೂಂ. ನನ್ನ ಬೆರಳಿಗೇ ವಯಸ್ಸಾಯಿತು ಅಂದುಕೊಂಡೆ. ನಾಲ್ಕನೇ ದಿನ ಸಿಟ್ಟಿಗೆ ಅಗ್ಗದ ಗೇಮ್‌ಪ್ಯಾಡ್ ತರಿಸಿದೆ. ಅದು ಇನ್ನೂ ಮೇಲು! ಬಲಕ್ಕೆ ಒತ್ತಿದರೆ ತಾನೇ ಓರೆಗೆ ತಿರುಗುತ್ತಿತ್ತು. ಒಂದರಲ್ಲಿ ಓರೆ ಬರುವುದಿಲ್ಲ, ಇನ್ನೊಂದರಲ್ಲಿ ಓರೆ ಬಿಟ್ಟು ಬೇರೇನೂ ಬರುವುದಿಲ್ಲ.

ಕೊನೆಗೆ ಸುಮ್ನೆ ಒಂದು ಖಾಲಿ ನೋಟ್‌ಪ್ಯಾಡ್ ತೆರೆದು, ಎರಡು ಬಾಣ ಹಿಡಿದು ಎಕ್ಸ್ ಒತ್ತಿದೆ. ಅಕ್ಷರವೇ ಮೂಡಲಿಲ್ಲ. ಬೇರೆ ಕೀ ಒತ್ತಿದರೆ ಮೂಡಿತು. ಅಗ್ಗದ ಕೀಬೋರ್ಡುಗಳಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ ಸಾಲು ಉದ್ದ ಸಾಲುಗಳ ಬಲೆ ಇರುತ್ತದೆ. ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಯಾವುದು ಒತ್ತಿದ್ದು ಅಂತ ಅದಕ್ಕೇ ಗೊಂದಲವಾಗಿ, ಒಂದನ್ನು ನುಂಗಿಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ನುಗ್ಗುವ ಕೀಯನ್ನು ಡಿಗೆ, ಹಿಡಿಯುವುದನ್ನು ಶಿಫ್ಟ್‌ಗೆ ಬದಲಿಸಿದೆ. ಎರಡು ದಿನ ಕೈ ತಪ್ಪಿತು, ಆಮೇಲೆ ಸಲೀಸು. ನೀವೂ ಕೀಬೋರ್ಡಿನಲ್ಲೇ ಆಡುವವರಾದರೆ, ಬೆರಳನ್ನು ಬೈಯುವ ಮೊದಲು ಈ ಪರೀಕ್ಷೆ ಮಾಡಿ.

ಈ ವಿಷಯದಲ್ಲಿ ಶವಲ್ ನೈಟ್ ಗೆಲ್ಲುತ್ತದೆ. ಜಂಪ್, ಹೊಡೆತ, ಅಷ್ಟೇ. ನನ್ನ ಹಾಳಾದ ಕೀಬೋರ್ಡಿನಲ್ಲೂ ಒಂದು ದಿನ ಕೈಕೊಡಲಿಲ್ಲ.

ಸಂಗೀತ: ಶವಲ್ ನೈಟ್‌ನಲ್ಲಿ ಜೇಕ್ ಕೌಫ್‌ಮನ್ ಕುಣಿಸುತ್ತಾರೆ, ಸೆಲೆಸ್ಟ್‌ನಲ್ಲಿ ಲೀನಾ ರೇನ್ ಕೂರಿಸಿ ಕೇಳಿಸುತ್ತಾರೆ. ಇಲ್ಲಿ ಜಗಳ ಬೇಡ.

ದುಡ್ಡಿನ ಲೆಕ್ಕ ಹಾಕಿದರೆ ಶವಲ್ ನೈಟ್‌ನ ಟ್ರೆಷರ್ ಟ್ರೋವ್ ಅನ್ನುವ ಪೂರ್ತಿ ಕಟ್ಟಿನಲ್ಲಿ ನಾಲ್ಕು ಪೂರ್ತಿ ಕಥೆಗಳಿವೆ. ಅಷ್ಟು ಆಡಲು ನನಗೆ ಪುರುಸೊತ್ತು ಬೇಕಲ್ಲ?

ಸೆಲೆಸ್ಟ್‌ನಲ್ಲಿ ಅಸಿಸ್ಟ್ ಮೋಡ್ ಅಂತ ಇದೆ. ವೇಗ ಅರ್ಧಕ್ಕೆ ಇಳಿಸಬಹುದು, ಸಾಯದ ಹಾಗೂ ಮಾಡಿಕೊಳ್ಳಬಹುದು. ಒಂದು ಕೋಣೆಗೆ ನಾನೂ ವೇಗ ಇಳಿಸಿದೆ, ನಾಚಿಕೆಯೇನಿಲ್ಲ.

ವಾರಕ್ಕೊಮ್ಮೆ ಭಾನುವಾರ ಪೂರ್ತಿ ಆಡುವವರಿಗೆ, ಜೊತೆಗೆ ಆಡಲು ಯಾರಾದರೂ ಇರುವವರಿಗೆ ಶವಲ್ ನೈಟ್ ಕೊಡಿಸಿ. ಇಬ್ಬರು ಕೂಡಿ ಆಡಬಹುದು. ನಮ್ಮ ತಮ್ಮ ದೀಪಾವಳಿಗೆ ಬರುತ್ತಾನೆ, ಆಗ ನಾನೂ ಅದನ್ನೇ ತೆರೆಯುವವನು. ಕೀಬೋರ್ಡು ನನಗೆ, ಆ ಓರೆ ಗೇಮ್‌ಪ್ಯಾಡ್ ಅವನಿಗೆ.