ಅಂತರಗಂಗೆಗೆ ಕ್ರ್ಯಾಶ್ ಪ್ಯಾಡಾ, ಹಗ್ಗವಾ?

ಕೋಲಾರದಲ್ಲಿದ್ದು, ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಅಂತರಗಂಗೆಗೆ ಹೋಗಿ ಬಂಡೆ ಹತ್ತುವ ಆಸೆ ಇದ್ದರೆ ಮೊದಲು ಹಗ್ಗ ತಗೊಳ್ಳಿ. ನಾನು ಮೊದಲು ತಗೊಂಡದ್ದು ಕ್ರ್ಯಾಶ್ ಪ್ಯಾಡ್, ಅಂದರೆ ಬಿದ್ದರೆ ಪೆಟ್ಟಾಗದಿರಲಿ ಅಂತ ಬಂಡೆಯ ಬುಡದಲ್ಲಿ ಹಾಸುವ ದಪ್ಪ ಹಾಸಿಗೆ. ಸೆಕೆಂಡ್ ಹ್ಯಾಂಡ್, 9 ಸಾವಿರ. ಶೂ, ಕೈ ಜಾರದಿರಲು ಹಚ್ಚುವ ಚಾಕ್ ಪುಡಿ ಮೊದಲೇ ಇದ್ದವು. ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತುವ ಬೋಲ್ಡರಿಂಗ್‌ಗೆ ಅಷ್ಟು ಸಾಕಲ್ವಾ ಅಂದುಕೊಂಡೆ.

ಪ್ಯಾಡ್ ಭಾರ ಇಲ್ಲ, ಐದಾರು ಕೆಜಿ. ಕಾಡುವುದು ಅದರ ಅಗಲ. ಬೈಕಿನಲ್ಲಿ ಹಿಂದೆ ಕೂತ ತಮ್ಮನ ಬೆನ್ನ ಮೇಲಿದ್ದರೆ ಗಾಳಿ ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಬಸವನ ಬಾಯಿಂದ ನೀರು ಬರುವ ದೇವಸ್ಥಾನದವರೆಗೆ ಮೆಟ್ಟಿಲಿದೆ, ಪರವಾಗಿಲ್ಲ. ಅಲ್ಲಿಂದ ಮೇಲೆ ಬಂಡೆಗಳ ಸಂದಿಯಲ್ಲಿ ಓರೆಯಾಗಿ ನುಸುಳಬೇಕು. ಪ್ರತಿ ಸಂದಿಗೂ ಪ್ಯಾಡ್ ಇಳಿಸು, ಮುಂದೆ ತಳ್ಳು, ಮತ್ತೆ ಹೊರು. ಎರಡನೇ ವಾರಕ್ಕೇ ಮುಳ್ಳು ತಗುಲಿ ಅದರ ಬಟ್ಟೆ ಹರಿಯಿತು.

ಇದನ್ನಾದರೂ ಸಹಿಸಬಹುದಿತ್ತು. ಆದರೆ ಇಲ್ಲಿ ಎಷ್ಟೋ ಬಂಡೆಗಳ ಬುಡದಲ್ಲಿ ನೆಲವೇ ಇಲ್ಲ. ಗುಂಡಿನ ಮೇಲೆ ಗುಂಡು ಪೇರಿಸಿದ ಹಾಗಿದೆ ಈ ಬೆಟ್ಟ, ಗುಹೆಗಳು ಆಗಿರುವುದೂ ಹಾಗೇ. ಎರಡು ಕಲ್ಲಿನ ನಡುವಿನ ಕಂಡಿಯ ಮೇಲೆ ಪ್ಯಾಡ್ ಹಾಸಿದರೆ ನೋಡೋಕೆ ಸಮ ಇರುತ್ತದೆ. ನಾನು ಒಂದಾಳೆತ್ತರದಿಂದ ಬಿದ್ದೆ. ಪ್ಯಾಡ್ ನಡುವೆ ಮಡಚಿಕೊಂಡು ಕಂಡಿಯೊಳಗೆ ಇಳಿಯಿತು, ಜೊತೆಗೆ ನನ್ನ ಬಲಗಾಲೂ ಇಳಿಯಿತು. ಪಾದದ ಗಂಟು ಊದಿ ಮೂರು ವಾರ ಬೂಟು ಹಾಕಲಾಗಲಿಲ್ಲ. ಮೂರು ಪ್ಯಾಡ್ ಜೋಡಿಸಿದರೆ ಆಗುತ್ತೆ ಅಂತಾರೆ. ಹೊರುವವರು ಯಾರು?

ಹಗ್ಗಕ್ಕೆ ದುಡ್ಡು ಜಾಸ್ತಿ. ಬರೀ ಹಗ್ಗ ಸಾಲದು. ಸೊಂಟಕ್ಕೆ ಕಟ್ಟುವ ಎರಡು ಹಾರ್ನೆಸ್, ಕೆಳಗಿನವರು ಹಗ್ಗ ತಡೆದು ಹಿಡಿಯುವ ಬಿಲೇ ಸಾಧನ, ಕ್ಯಾರಬೀನರ್ (ಬಾಯಿ ತೆರೆಯುವ ಲೋಹದ ಕೊಂಡಿ), ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಎಲ್ಲ ಸೇರಿ 22 ಸಾವಿರ ಆಯಿತು. ತಮ್ಮ ಅರ್ಧ ಹಾಕಿದ. ನಾವು ತಂದದ್ದು 10 ಮಿ.ಮೀ. ದಪ್ಪದ, 60 ಮೀಟರ್ ಉದ್ದದ ಡೈನಮಿಕ್ ಹಗ್ಗ, ಅಂದರೆ ಬಿದ್ದಾಗ ಸ್ವಲ್ಪ ಹಿಗ್ಗುವಂಥದ್ದು. ತೂಕ ನಾಲ್ಕು ಕೆಜಿ ಹತ್ತಿರ, ಮಾಮೂಲಿ ಬ್ಯಾಗಿನಲ್ಲಿ ಕೂರುತ್ತದೆ. ಟಾಪ್ ರೋಪ್‌ನಲ್ಲಿ (ಮೊದಲೇ ಬಂಡೆಯ ತುದಿಯಲ್ಲಿ ಹಗ್ಗ ಹಾಯಿಸಿ ಹತ್ತುವ ರೀತಿ) ಹಗ್ಗ ಮೇಲೆ ಹೋಗಿ ಕೆಳಗೆ ಬರಬೇಕು, ಹಾಗಾಗಿ ಎತ್ತರದ ಎರಡರಷ್ಟು ಉದ್ದ ಬೇಕು. ನಾವು ಹತ್ತುವುದು ಹತ್ತು ಹನ್ನೆರಡು ಮೀಟರ್ ಅಷ್ಟೇ. 40 ಮೀಟರ್ ತಗೊಂಡಿದ್ದರೆ ದುಡ್ಡು ಉಳಿಯುತ್ತಿತ್ತು.

ಮೇಲೆ ಬೇರೆ ಬೇರೆ ಎರಡು ಗಟ್ಟಿ ಬಂಡೆಗೆ ಹಗ್ಗದ ಭಾರ ಹೊರುವ ಆ್ಯಂಕರ್ ಕಟ್ಟುತ್ತೇವೆ. ಹಗ್ಗ ಓಡುವ ಕಡೆ ಎರಡು ಲಾಕಿಂಗ್ ಕ್ಯಾರಬೀನರ್, ಬಾಯಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ. ಅವು ಬಂಡೆಯ ಅಂಚು ದಾಟಿ ಕೆಳಗೆ ನೇತಾಡಬೇಕು, ಇಲ್ಲದಿದ್ದರೆ ಕಲ್ಲು ಹಗ್ಗವನ್ನು ತಿನ್ನುತ್ತದೆ. ಆ್ಯಂಕರ್ ಅಂಚಿಗೆ ತಾಗುವ ಜಾಗಕ್ಕೆ ಗೋಣಿಚೀಲ ಮಡಚಿ ಇಡುತ್ತೇವೆ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಗೊತ್ತಿರುವವರ ಪಕ್ಕ ನಿಂತು ಕಲಿಯಿರಿ, ದಯವಿಟ್ಟು ವಿಡಿಯೋ ನೋಡಿ ಕಟ್ಟಬೇಡಿ.

ಕೋತಿಗಳಿಗೆ ಎರಡೂ ಒಂದೇ. ತಿಂಡಿ ಹೊರಗೆ ಇಡಬೇಡಿ.

ಕಾರಿದ್ದು, ಪ್ಯಾಡ್ ಇರುವ ಮೂವರು ಗೆಳೆಯರಿದ್ದರೆ ನಿಮ್ಮ ಲೆಕ್ಕ ಬೇರೆ. ನಾವಿರುವುದು ಇಬ್ಬರು, ಒಂದು ಬೈಕು. ಪ್ಯಾಡ್ ಮಾರಿಲ್ಲ. ಬೆಂಗಳೂರಿನ ತುರಹಳ್ಳಿಗೆ ಹೋದಾಗ, ಬುಡದಲ್ಲಿ ಮಣ್ಣಿರುವ ಬಂಡೆ ನೋಡಿ ಹಾಸುತ್ತೇವೆ.