ಹಲ್ಲಿನ ಇಂಪ್ಲಾಂಟ್ ಕಾಸ್ಟಿಂಗ್ (ಲೋಹದ ಎರಕ) ಹೊರಗಿನ ಲ್ಯಾಬ್‌ಗೆ ಕೊಡುವವರೇ, ಒಳಗೆ ಯಾವ ಲೋಹ ಸುರಿದಿದ್ದಾರೆ ನೋಡಿಕೊಳ್ಳಿ

ಚಿನ್ನದ ಬೇಸ್ ಇರೋ ಯುಕ್ಲಾ ಅಬಟ್‌ಮೆಂಟ್ ಕೊಟ್ಟು ಲ್ಯಾಬ್‌ಗೆ ಕಳಿಸಿದ್ದು. ಇಂಪ್ಲಾಂಟ್ ಮೇಲೆ ಸ್ಕ್ರೂನಲ್ಲಿ ಕೂರೋ ತುಂಡು ಅದು; ಬೇಸ್ ಅಂದರೆ ಬುಡದ ರೆಡಿಮೇಡ್ ಸಿಲಿಂಡರ್, ಅದರ ಮೇಲೆ ಲ್ಯಾಬ್‌ನವರು ಲೋಹ ಸುರಿದು ಹಲ್ಲಿನ ಆಕಾರ ಎರಕ ಹೊಯ್ಯಬೇಕು. ವರ್ಕ್ ಆರ್ಡರ್‌ನಲ್ಲಿ "ಹೈ ನೋಬಲ್ ಅಲಾಯ್" (ಚಿನ್ನದಂಥ ಬೆಲೆಬಾಳೋ ಲೋಹ ಹೆಚ್ಚಿರೋ ಮಿಶ್ರಲೋಹ) ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಬಿಲ್ ಕೂಡ ಅದೇ ಲೆಕ್ಕದಲ್ಲಿ ಬಂತು. ಸುರಿದಿದ್ದು ಮಾತ್ರ ನಿಕಲ್-ಕ್ರೋಮಿಯಂ! ಪಾಲಿಶ್ ಆಗಿ, ಮೇಲೆ ಹಲ್ಲಿನ ಬಣ್ಣದ ಪೋರ್ಸಲಿನ್ ಕೂತ ಮೇಲೆ ಯಾರಿಗೆ ಗೊತ್ತಾಗಬೇಕು?

ಗೊತ್ತಾಗಿದ್ದು ಕಾಲರ್ (ಒಸಡಿನ ಕಡೆಯ ಅಂಚಿನ ಪಟ್ಟಿ) ಹತ್ತಿರ ಪೋರ್ಸಲಿನ್ ಎದ್ದುಬಂದಾಗ. ಪೇಷೆಂಟ್ ಎದುರೇ ಸ್ಕ್ರೂ ಬಿಚ್ಚಿ ಲೂಪ್‌ನಲ್ಲಿ (ಭೂತಗನ್ನಡಿ) ನೋಡಿದರೆ, ಬೇಸಿಗೂ ಕಾಸ್ಟಿಂಗಿಗೂ ನಡುವೆ ಸುತ್ತಲೂ ಕಪ್ಪು ಗೆರೆ. ಆಮೇಲೆ ಡಿಸ್ಕ್ ಹಾಕಿ ಉದ್ದಕ್ಕೆ ಸೀಳಿದರೆ ಚಿನ್ನದ ಸಿಲಿಂಡರ್ ಬಳೆ ಕಳಚಿದ ಹಾಗೆ ಕೈಗೆ ಬಂತು. ಬಾಂಡ್ ಅನ್ನೋದೇ ಆಗಿರಲಿಲ್ಲ. ಹೊರಮೈಯ ಚಡಿಗಳು ಹಿಡಿದುಕೊಂಡಿದ್ದವು, ಅಷ್ಟೇ.

ಲ್ಯಾಬ್‌ಗೆ ಫೋನ್ ಮಾಡಿದರೆ ಮೊದಲ ಉತ್ತರ: "ಸ್ಕ್ರೂ ಜಾಸ್ತಿ ಬಿಗಿದಿರಬೇಕು ಡಾಕ್ಟ್ರೇ." ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿದಿದ್ದು. ಸೀಳಿದ ಫೋಟೋ ಕಳಿಸಿದ ಮೇಲೆ ರಾಗ ಬದಲಾಯಿತು: "ಬೇಸ್ ಮೆಟಲ್ ಹಾಕಿದ್ದೀವಿ, ಇನ್ನೂ ಸ್ಟ್ರಾಂಗ್ ಇರತ್ತೆ." (ಇಲ್ಲಿ ಬೇಸ್ ಮೆಟಲ್ ಅಂದರೆ ನಿಕಲ್-ಕ್ರೋಮಿಯಂನಂಥ ಅಗ್ಗದ ಲೋಹ, ಬುಡದ ಬೇಸ್ ಅಲ್ಲ.) ಉಪಕಾರ ಮಾಡಿದವರ ಹಾಗೆ! "ಮೆಟಲ್‌ಗೆ ಮೆಟಲ್ ಹಿಡೀದೇ ಇರತ್ತಾ?"

ಹಿಡಿಯಲ್ಲ ಸ್ವಾಮಿ. ಆ ಬೇಸು ಚಿನ್ನ, ಪ್ಲಾಟಿನಂ, ಪಲ್ಲಾಡಿಯಂ ಸೇರಿದ್ದು. ಕರಗೋಕೆ ಶುರುವಾಗೋದೇ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕಿಂತ ಸಾಕಷ್ಟು ಕೆಳಗೇ ಪೂರ್ತಿ ಕರಗೋ ನೋಬಲ್ ಅಲಾಯ್ ಸುರಿದರೆ, ಬೇಸಿನ ಆಕಾರ ಕೆಡದೆ ಕರಗಿದ ಲೋಹ ಅದರ ಮೈಗೆ ಹರಡಿ, ಎರಡೂ ಒಂದರೊಳಗೊಂದು ಇಳಿದು ಬೆಸೆಯುತ್ತವೆ. ನಿಕಲ್-ಕ್ರೋಮಿಯಂ ಕರಗುವಾಗಲೇ ಕ್ರೋಮಿಯಂ ಆಕ್ಸೈಡ್ ಪೊರೆ ಕಟ್ಟುತ್ತೆ. ಆ ಪೊರೆ ನಡುವೆ ಕೂತರೆ ಬೆಸುಗೆ ಎಲ್ಲಿಂದ? ಸುರಿಯೋ ಶಾಖವೂ ಬೇಸಿನ ಕರಗುವ ಮಟ್ಟದ ಹತ್ತಿರಕ್ಕೇ ಹೋಗುತ್ತೆ, ಇಂಪ್ಲಾಂಟ್ ಮೇಲೆ ಕೂರುವ ಅಂಚಿಗೇ ಅಪಾಯ. ಪೇಷೆಂಟ್‌ಗೆ ನಿಕಲ್ ಅಲರ್ಜಿ ಇದ್ದಿದ್ದರೆ?

ಪೋರ್ಸಲಿನ್ ಎದ್ದಿದ್ದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಎರಕಕ್ಕೆ ಮೊದಲು ಬೇಸಿನ ಮೇಲೆ ವ್ಯಾಕ್ಸ್ (ಮೇಣ) ಕಟ್ಟುತ್ತಾರೆ, ಲೋಹ ಬರೋದು ಅದರ ಜಾಗಕ್ಕೆ. ಕಾಲರ್ ಹತ್ತಿರ ಆ ವ್ಯಾಕ್ಸ್ ತೆಳುವಾಗಿ ಬೇಸು ಬರಿಮೈ ಉಳಿದಿದೆ, ಅದರ ಮೇಲೇ ಪೋರ್ಸಲಿನ್ ಸುಟ್ಟಿದ್ದಾರೆ. ಆ ಬೇಸು ಆಕ್ಸೈಡ್ ಕಟ್ಟದ ಲೋಹ, ಮಾಡಿರೋದೇ ಹಾಗೆ. ಪೋರ್ಸಲಿನ್‌ಗೆ ಹಿಡಿಯೋಕೆ ಆಕ್ಸೈಡೇ ಬೇಕು. ಲ್ಯಾಬ್ ನಡೆಸೋರಿಗೆ ಇದು ಗೊತ್ತಿಲ್ವಾ?

ಕೊನೆಯ ಉತ್ತರ: "ಎಲ್ಲ ಕ್ಲಿನಿಕ್‌ಗೂ ಹೀಗೇ ಕೊಡ್ತೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ." ಯಾರು ಸೀಳಿ ನೋಡಿದ್ದಾರೆ!

ತೂಕ ಹಾಕಿ, ಅದು ಸುಳ್ಳು ಹೇಳಲ್ಲ. ವ್ಯಾಕ್ಸಪ್ (ಸಿಲಿಂಡರ್ ಮೇಲೆ ಕಟ್ಟಿದ ಮೇಣದ ಆಕಾರ) ತೂಕದಲ್ಲಿ ಸಿಲಿಂಡರ್ ತೂಕ ಕಳೆದು ಅಲಾಯ್ ಸಾಂದ್ರತೆಯಿಂದ ಗುಣಿಸಿದರೆ ಲೋಹದ ತೂಕ ಹತ್ತಿರಹತ್ತಿರ ಸಿಗುತ್ತೆ. ನಿಕಲ್-ಕ್ರೋಮಿಯಂ ಸಾಂದ್ರತೆ ಘನ ಸೆಂಟಿಮೀಟರ್‌ಗೆ 8 ಗ್ರಾಂ ಆಸುಪಾಸು, ಚಿನ್ನ ಜಾಸ್ತಿ ಇರೋ ಅಲಾಯ್ 14ರಿಂದ 18. ಅರ್ಧಕ್ಕರ್ಧ ವ್ಯತ್ಯಾಸ, ಕೈಗೇ ಗೊತ್ತಾಗುತ್ತೆ.

ಅಲಾಯ್ ಹೆಸರು, ಲಾಟ್ ನಂಬರ್ ಬರೆಸಿಕೊಳ್ಳಿ. ಹಳೇ ಬಟನ್ (ಹಿಂದಿನ ಎರಕದಲ್ಲಿ ಉಳಿದ ಲೋಹದ ಗಟ್ಟಿ) ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೊಸ ಲೋಹ ಒಪ್ಪಬೇಡಿ. ಬೇಸಿನ ಮೇಲೆ ಸೆಪರೇಟರ್ ಎಣ್ಣೆ (ಮೇಣ ಅಂಟದಿರಲಿ ಅಂತ ಹಚ್ಚೋದು) ಉಳಿದರೂ ಬಾಂಡ್ ಆಗಲ್ಲ, ಇನ್ವೆಸ್ಟ್ ಮಾಡೋ (ಅಚ್ಚಿನ ಪುಡಿಯಲ್ಲಿ ಹೂಳೋ) ಮುಂಚೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಕೋಬಾಲ್ಟ್-ಕ್ರೋಮಿಯಂ ಬೇಕಿದ್ದರೆ ಕೋಬಾಲ್ಟ್-ಕ್ರೋಮಿಯಂ ಬೇಸೇ ತರಿಸಿ, ಚಿನ್ನದ ಬೇಸ್ ಹಾಳು ಮಾಡಬೇಡಿ. ಪೋರ್ಸಲಿನ್ ಹಾಕೋ ಮುಂಚೆ ಮೆಟಲ್ ಟ್ರಯಲ್ (ಬರಿ ಲೋಹವನ್ನು ಬಾಯಲ್ಲಿ ಕೂರಿಸಿ ನೋಡೋದು) ಕೇಳಿ. ಕೊಡಲ್ಲ ಅಂದ ಲ್ಯಾಬ್‌ಗೆ ಕೆಲಸ ಕೊಡಬೇಡಿ.