ಮೆಲ್ವಿಟಾ: ಎಣ್ಣೆಗೆ ದುಡ್ಡು ಕೊಡಿ, ಕ್ರೀಮಿಗೆ ಯೋಚಿಸಿ

ಫ್ರಾನ್ಸಿನ ಸಾವಯವ ಸೌಂದರ್ಯವರ್ಧಕ ಬ್ರ್ಯಾಂಡ್ ಮೆಲ್ವಿಟಾದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೂ ಧೈರ್ಯವಾಗಿ ಕೊಳ್ಳಿ ಎಂದು ಹೇಳಬಹುದಾದದ್ದು ಆರ್ಗಾನ್ ಎಣ್ಣೆ, ಅಂದರೆ ಮೊರಾಕ್ಕೋದ ಆರ್ಗಾನ್ ಮರದ ಬೀಜದ ಎಣ್ಣೆ. ಗುಲಾಬಿ ನೀರೂ ಚೆನ್ನಾಗಿದೆ. ಕ್ರೀಮುಗಳ ಬೆಲೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಾರಣ ಸಾವಯವದ ಲೆಕ್ಕದಲ್ಲೇ ಇದೆ.

ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಲಾಗೋರ್ಸ್ ಎಂಬ ಹಳ್ಳಿಯಲ್ಲಿ 1983ರಲ್ಲಿ ಈ ಕಂಪನಿ ಶುರುವಾಯಿತು. ಕಟ್ಟಿದವರು ಬರ್ನಾರ್ ಶೆವಿಯಾ, ಜೀವಶಾಸ್ತ್ರ ಬಲ್ಲ ಜೇನುಸಾಕಣೆಗಾರ. 2008ರಲ್ಲಿ ಸೌಂದರ್ಯವರ್ಧಕಗಳ ದೊಡ್ಡ ಕಂಪನಿ ಲಾಕ್ಸಿತಾನ್ ಸಮೂಹ ಇದನ್ನು ಕೊಂಡುಕೊಂಡಿತು.

ಈಗ ಮುದ್ರೆಯ ವಿಷಯ. ಸಾವಯವ ಸೌಂದರ್ಯವರ್ಧಕಗಳಿಗೆ ಯುರೋಪಿನಲ್ಲಿ ರೂಪಿಸಿದ ಮಾನದಂಡ ಕಾಸ್ಮೊಸ್. ಅದರ ಕಾಸ್ಮೊಸ್ ಆರ್ಗ್ಯಾನಿಕ್ ಮುದ್ರೆ ಬೇಕಾದರೆ, ಒತ್ತಿ, ಒಣಗಿಸಿ, ಬಟ್ಟಿ ಇಳಿಸಿ ತೆಗೆದ ಕೃಷಿ ಪದಾರ್ಥಗಳಲ್ಲಿ ಕನಿಷ್ಠ 95% ಸಾವಯವ ಆಗಿರಬೇಕು. ಆದರೆ ಒಟ್ಟು ತೂಕದಲ್ಲಿ ಸಾವಯವದ ಪಾಲು 20% ಇದ್ದರೆ ಸಾಕು, ತೊಳೆದುಬಿಡುವ ಫೇಸ್‌ವಾಶ್, ಶಾಂಪೂಗಳಿಗೆ 10%. ನೀರು ಸಾವಯವದ ಲೆಕ್ಕಕ್ಕೆ ಬರುವುದಿಲ್ಲ. ಕ್ರೀಮಿನಲ್ಲಿ ಹೆಚ್ಚಿನ ಪಾಲು ನೀರೇ. ಹಾಗಾಗಿ 100 ಗ್ರಾಂನಲ್ಲಿ 20 ಗ್ರಾಂ ಮಾತ್ರ ಸಾವಯವ ಪದಾರ್ಥ ಇರುವ ಕ್ರೀಮಿಗೂ, ಪೂರ್ತಿ ಸಾವಯವ ಎಣ್ಣೆ ತುಂಬಿದ ಬಾಟಲಿಗೂ ಸಿಗುವುದು ಅದೇ ಮುದ್ರೆ. ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಟ್ಟು ಪದಾರ್ಥಗಳಲ್ಲಿ ಶೇಕಡಾ ಎಷ್ಟು ಸಾವಯವ ಎಂದು ಅಚ್ಚಾಗಿರುತ್ತದೆ. ಬೆಲೆ ನೋಡುವ ಮೊದಲು ಆ ಸಾಲು ಓದಿ.

ಕಾಸ್ಮೊಸ್ ನಿಯಮದಡಿ ಪ್ಯಾರಾಬೆನ್, ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಗಳು, ಸಿಲಿಕೋನ್, ಪೆಟ್ರೋಲಿಯಂ ಎಣ್ಣೆ ಯಾವುದನ್ನೂ ಹಾಕುವಂತಿಲ್ಲ. ಬೆಂಜೈಲ್ ಆಲ್ಕೊಹಾಲ್, ಸಾರ್ಬಿಕ್ ಆಮ್ಲದಂಥ ಕೆಲವೇ ಸಂರಕ್ಷಕಗಳಿಗೆ ಅವಕಾಶವಿದೆ. ನೀರಿರುವ ಉತ್ಪನ್ನದಲ್ಲಿ ಅವು ಬೇಕೇ ಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ ಎಂಬುದನ್ನು ಯಾವ ಬ್ರ್ಯಾಂಡಿನ ಹೆಚ್ಚುಗಾರಿಕೆ ಎಂದೂ ಎಣಿಸಬೇಡಿ. ಐರೋಪ್ಯ ಒಕ್ಕೂಟದಲ್ಲಿ ಹಾಗೆ ಪ್ರಯೋಗಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೇ 2013ರಿಂದ ನಿಷೇಧವಿದೆ. ಪ್ರಾಣಿಜನ್ಯ ಪದಾರ್ಥವೇ ಬೇಡ ಎನ್ನುವವರು ಮಾತ್ರ ಪಟ್ಟಿ ಓದಲೇಬೇಕು: ಜೇನು, ಜೇನುಮೇಣಕ್ಕೆ ಕಾಸ್ಮೊಸ್ ಅಡ್ಡಿ ಮಾಡುವುದಿಲ್ಲ, ಜೇನಿನಿಂದಲೇ ಹೆಸರಾದ ಈ ಮನೆಯಲ್ಲಿ ಅವು ಸಹಜ.

ಸಾವಯವ ಮುದ್ರೆ ಮುಟ್ಟದ ಪ್ರಶ್ನೆ ಕೂಲಿಯದು. ಆರ್ಗಾನ್ ಮರ ಬೆಳೆಯುವುದು ಮುಖ್ಯವಾಗಿ ಮೊರಾಕ್ಕೋದ ನೈರುತ್ಯ ಭಾಗದಲ್ಲಿ. 1998ರಲ್ಲಿ ಯುನೆಸ್ಕೋ ಆ ಕಾಡನ್ನು ಜೀವಗೋಳ ಮೀಸಲು ಎಂದು ಘೋಷಿಸಿತು. ಒಣಗಿದ ಹಣ್ಣಿನ ಸಿಪ್ಪೆ ತೆಗೆದು, ಕಲ್ಲಿನಂಥ ಓಟೆಯನ್ನು ಎರಡು ಕಲ್ಲುಗಳ ನಡುವೆ ಇಟ್ಟು ಕುಟ್ಟಿ ಒಡೆಯುವವರು ಅಲ್ಲಿನ ಮೂಲನಿವಾಸಿ ಅಮಾಜಿಗ್ ಹೆಂಗಸರು. ಆಮೇಲೆ ತಿರುಳನ್ನು ಯಂತ್ರದಲ್ಲಿ ಹಿಂಡಬಹುದು, ಆದರೆ ಒಡೆಯುವ ಕೆಲಸ ಇವತ್ತಿಗೂ ಬಹುಪಾಲು ಕೈಯದೇ. ಎಣ್ಣೆಯ ಬೆಲೆಯ ಹಿಂದಿರುವ ದುಡಿಮೆ ಇದು, ಆ ದುಡಿಮೆಗೆ ತಕ್ಕ ಹಣ ಸಿಗಲೇಬೇಕು. ಆದ್ದರಿಂದ ಆರ್ಗಾನ್ ಯಾವ ಬ್ರ್ಯಾಂಡಿನದೇ ಇರಲಿ, ಕಾಸ್ಮೊಸ್ ಜತೆಗೆ ಫೇರ್ ಫಾರ್ ಲೈಫ್‌ನಂಥ ನ್ಯಾಯಬೆಲೆ ಮುದ್ರೆಯೂ ಇದೆಯೇ ಎಂದು ಹುಡುಕಿ. ಲಾಕ್ಸಿತಾನ್ ಸಮೂಹಕ್ಕೆ 2023ರಲ್ಲಿ ಬಿ ಕಾರ್ಪ್, ಅಂದರೆ ಕಂಪನಿಯ ಸಾಮಾಜಿಕ, ಪರಿಸರ ಹೊಣೆಗಾರಿಕೆ ಅಳೆದು ಕೊಡುವ ಮಾನ್ಯತೆ, ಸಿಕ್ಕಿದೆ. ಅದು ಒಳ್ಳೆಯದೇ, ಆದರೆ ಇಡೀ ಸಂಸ್ಥೆಗೆ ಕೊಟ್ಟ ಅಂಕ ಅದು. ನಿಮ್ಮ ಕೈಲಿರುವ ಬಾಟಲಿಯ ಕೂಲಿ ಲೆಕ್ಕವಲ್ಲ.

ಎಣ್ಣೆ ಬಳಸುವ ಕ್ರಮ: ಮುಖ ತೊಳೆದು ಒರೆಸಿಕೊಳ್ಳದೆ, ಒದ್ದೆಯಿರುವಾಗಲೇ ಎರಡು ಮೂರು ಹನಿ ಅಂಗೈಯಲ್ಲಿ ಉಜ್ಜಿ ಮೆಲ್ಲಗೆ ಒತ್ತಿ. ಎಣ್ಣೆಯಲ್ಲಿ ನೀರಿನ ಅಂಶವಿಲ್ಲ, ಚರ್ಮದ ಮೇಲಿರುವ ತೇವ ಆರಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಒಣ ಮುಖಕ್ಕೆ ಐದಾರು ಹನಿ ಸುರಿದರೆ ಜಿಡ್ಡು ಉಳಿಯುತ್ತದೆ, ಬಿಗಿತ ಹೋಗುವುದಿಲ್ಲ. ರಾತ್ರಿ ಹಚ್ಚುವುದೇ ಸರಿ: ಬೆಳಿಗ್ಗೆ ಹಚ್ಚಿದರೆ ಮೇಲಿನ ಸನ್‌ಸ್ಕ್ರೀನ್ ಸಮನಾಗಿ ಕೂರದೆ ಜಾರುತ್ತದೆ. ಕೂದಲ ತುದಿಗೆ ಒಂದೇ ಹನಿ ಸಾಕು.

ಹಣೆಯ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳು ಎದ್ದರೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿಬಿಡಿ. ಚರ್ಮದಲ್ಲೇ ಇರುವ ಮಲಾಸೀಜಿಯಾ ಎಂಬ ಶಿಲೀಂಧ್ರ ಎಣ್ಣೆಯ ಕೊಬ್ಬಿನಾಮ್ಲ ತಿಂದು ಬೆಳೆಯುತ್ತದೆ; ಮಂಗಳೂರು, ಕಾರವಾರದ ಸೆಕೆಗೆ ಇದು ಇನ್ನಷ್ಟು ಜಾಸ್ತಿ. ಪರಿಮಳದ ಕ್ರೀಮು, ಗುಲಾಬಿ ನೀರು ಕೊಳ್ಳುವವರು ಪಟ್ಟಿಯ ಕೊನೆಯಲ್ಲಿ ಲಿನಲೂಲ್, ಜೆರಾನಿಯಾಲ್, ಸಿಟ್ರೊನೆಲೋಲ್ ಎಂಬ ಪರಿಮಳದ ರಾಸಾಯನಿಕಗಳು ಇವೆಯೇ ನೋಡಿ. ಸಾವಯವ ಹೂವಿನಿಂದ ಬಂದ ಮಾತ್ರಕ್ಕೆ ಇವು ಅಲರ್ಜಿ ಮಾಡದೆ ಬಿಡುವುದಿಲ್ಲ. ಮೊದಲು ಮೊಣಕೈ ಒಳಮಡಿಕೆಗೆ ಹಚ್ಚಿ ಎರಡು ದಿನ ಕಾಯಿರಿ.

ಆರ್ಗಾನ್ ಎಣ್ಣೆ ಗಾಳಿ, ಬೆಳಕು, ಶಾಖಕ್ಕೆ ಕೆಡುತ್ತದೆ. ಬಚ್ಚಲುಮನೆಯ ಕಿಟಕಿಯಲ್ಲಿ ಇಡಬೇಡಿ, ಕಪಾಟಿನ ಕತ್ತಲಲ್ಲಿಡಿ. ಬಾಟಲಿಯ ಬಾಯಿ ಚರ್ಮಕ್ಕೆ ತಾಗಬಾರದು. ತೆರೆದ ಡಬ್ಬಿಯ ಗುರುತಿನೊಳಗೆ 6 ಅಥವಾ 12 ಎಂದಿದ್ದರೆ ತೆರೆದ ಮೇಲೆ ಅಷ್ಟೇ ತಿಂಗಳು. ತೆರೆದ ತಾರೀಕನ್ನು ಬಾಟಲಿಯ ತಳದಲ್ಲಿ ಬರೆದಿಡಿ. ಕಮಟು ವಾಸನೆ ಬಂದಮೇಲೆ ಮುಖಕ್ಕೆ ಬೇಡ.

ಭಾರತದಲ್ಲಿ ಕೊಳ್ಳುವುದಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆಯಿರುವ ಚೀಟಿ ಅಂಟಿಸಿರಬೇಕು. ಅದಿಲ್ಲದ ಬಾಟಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ವಾಪಸ್ ಕೊಟ್ಟುಬಿಡಿ.